ಮೊರಿತಾ-ಸಾನ್ ಬರೆಯಲೊಲ್ಲದ ವಾಕ್ಯ

ತೊಯೋಸು

ಮೂರು ತಿಂಗಳಿದ್ದು ಬರುತ್ತೇನೆಂದು ಪಕ್ಕದ ಮನೆಯವರಿಗೆ ತುಳಸಿ ಕುಂಡ ಒಪ್ಪಿಸಿ ಟೋಕಿಯೋಗೆ ಹೋದವಳು ನಾನು. ತಿರುಗಿ ಬರುವ ಹೊತ್ತಿಗೆ ವರ್ಷ ಮೀರಿತ್ತು, ತುಳಸಿ ಪಕ್ಕದ ಮನೆಯವರದೇ ಆಗಿಹೋಗಿತ್ತು. ಕೇಳಲು ನನಗೂ ನಾಚಿಕೆ, ಕೊಡಲು ಅವರಿಗೂ ಮನಸ್ಸಿಲ್ಲ. ಕೊರೊನಾದಿಂದ ನನಗಾದ ನಷ್ಟವೆಂದರೆ ಅದೊಂದೇ ಎಂದು ಈಗ ನಗುತ್ತಾ ಹೇಳುತ್ತೇನೆ.

ಹೋಗುವಾಗ ಸೂಟ್‌ಕೇಸಿನಲ್ಲಿ ಮಗಳು ಮಾನಸಳಿಗೆ ಸಾರಿನ ಪುಡಿ, ಅಳಿಯ ಕಿರಣನಿಗೆ ಕೋಡುಬಳೆ, ಮೊಮ್ಮಗಳು ದಿಯಾಳಿಗೆ ರೇಷ್ಮೆ ಲಂಗ ಇದ್ದವು. ನನಗೆಂದು ಇದ್ದದ್ದು ಒಂದು ದಪ್ಪ ಫೈಲು. ಅದರ ಮೇಲೆ ‘ಕಾಲೇಜಿನ ಚರಿತ್ರೆ’ ಎಂದು ದುಂಡಗೆ ಬರೆದಿದ್ದೆ. ಒಳಗೆ ಬರೀ ಬಿಳಿ ಹಾಳೆಗಳು.

ಬೆಂಗಳೂರಿನ ಪೇಟೆಯ ನಟ್ಟನಡುವೆ, ಪಾತ್ರೆ ಅಂಗಡಿಗಳ ಮೇಲಿನ ಮಹಡಿಯಲ್ಲಿ ನಮ್ಮ ಪಿಯು ಕಾಲೇಜು. ಅಲ್ಲಿ ಇತಿಹಾಸ ಪಾಠ ಮಾಡಿ, ಕೊನೆಗೆ ಪ್ರಿನ್ಸಿಪಾಲಳಾಗಿ ನಿವೃತ್ತಳಾದವಳು ನಾನು. ಮೇಲೆ ಅಶೋಕನ ಶಾಂತಿ ಸಂದೇಶ ವಿವರಿಸುತ್ತಿದ್ದರೆ ಕೆಳಗೆ ಹಂಡೆಯ ಸೊಟ್ಟ ತೆಗೆಯುವ ಸದ್ದು. ಆ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ಶಾಶ್ವತವಾಗಿ ಮೇಲಿನ ಸ್ಥಾಯಿಯಲ್ಲೇ ನಿಂತುಬಿಟ್ಟಿದೆ. ನಿವೃತ್ತಿಯಾದ ಮೇಲೆ ಆಡಳಿತ ಮಂಡಳಿಯವರು ಸ್ಮರಣ ಸಂಚಿಕೆ ತರಲು ನಿರ್ಧರಿಸಿ, ಚರಿತ್ರೆ ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಮಂಡಳಿಯ ಪ್ರತಿಯೊಬ್ಬ ಸದಸ್ಯನಿಗೂ ತನ್ನ ತಾತನೇ ಕಾಲೇಜಿನ ಸ್ಥಾಪಕ. ಯಾರ ತಾತನನ್ನು ಕೈಬಿಟ್ಟರೂ ಸಂಚಿಕೆ ಅಚ್ಚಾಗುವುದಿಲ್ಲ. ಎಲ್ಲರನ್ನೂ ಸೇರಿಸಿದರೆ ಮೊದಲ ವರ್ಷದ ವಿದ್ಯಾರ್ಥಿಗಳಿಗಿಂತ ಸ್ಥಾಪಕರೇ ಹೆಚ್ಚಾಗುತ್ತಾರೆ. ಜಪಾನಿನಲ್ಲಿ ತಣ್ಣಗೆ ಕೂತು ಒಂದು ದಾರಿ ಹುಡುಕೋಣವೆಂದು ಫೈಲನ್ನು ಹೊತ್ತು ತಂದಿದ್ದೆ.

ಮಗಳ ಮನೆ ಕೋಟೋ ವಾರ್ಡಿನ ತೊಯೋಸುವಿನಲ್ಲಿ, ಮೋಡಕ್ಕೆ ಹತ್ತಿರವಾದ ಒಂದು ಮಹಡಿಯಲ್ಲಿ. ನಾನು ಹೋಗಿ ಕೆಲವು ವಾರಗಳಾಗಿದ್ದವು ಅಷ್ಟೆ, ಶಾಲೆಗಳು ಮುಚ್ಚಿದವು, ವಿಮಾನಗಳು ನಿಂತವು. ಮಾನಸ ಊಟದ ಮೇಜಿನ ಮೇಲೆ ಬ್ಯಾಂಕಿನ ಕೆಲಸ ಹೂಡಿದಳು, ಕಿರಣ ಮಲಗುವ ಕೋಣೆಯಲ್ಲಿ ಸಾಫ್ಟ್‌ವೇರ್ ಹೂಡಿದ, ಎರಡನೆಯ ತರಗತಿಗೆ ಕಾಲಿಡಲಿದ್ದ ದಿಯಾ ಬಾಲ್ಕನಿಯ ಬಾಗಿಲಲ್ಲಿ ಟ್ಯಾಬ್ ಹಿಡಿದು ಕೂತಳು. ಉಳಿದ ಒಂದೇ ಜಾಗ ಅಡುಗೆಮನೆ. ಅಲ್ಲಿಂದ ನಾನು ಬೆಂಗಳೂರಿನ ತಂಗಿಯೊಡನೆ ಫೋನಿನಲ್ಲಿ ಮಾತಾಡಿದರೆ ಒಸಾಕಾದ ಯಾರೋ ಮೇಲಧಿಕಾರಿಗೂ ಕೇಳಿಸುತ್ತಿತ್ತಂತೆ.

“ಅಮ್ಮ, ಪ್ಲೀಸ್. ಮೀಟಿಂಗ್‌ನಲ್ಲಿ ಎಲ್ರೂ ಕೇಳ್ತಿದಾರೆ, ಹಿಂದುಗಡೆ ಏನಾದ್ರೂ ಎಮರ್ಜೆನ್ಸಿನಾ ಅಂತ,” ಎಂದಳು ಮಾನಸ. “ಬೆಳಗ್ಗೆ ಹೊತ್ತು ಸ್ವಲ್ಪ ವಾಕ್ ಹೋಗಿಬಾಮ್ಮ. ಮಾಸ್ಕ್ ಹಾಕ್ಕೊ.”

ಹೀಗೆ ಸ್ವಂತ ಮಗಳು ತಾಯಿಯನ್ನು ಮನೆಯಿಂದ ಹೊರಗೆ ಹಾಕಿದ್ದರಿಂದ ಈ ಕಥೆ ಶುರುವಾಯಿತು.

ಶೂ ಕಪಾಟಿನ ಮುಂದೆ

ತೊಯೋಸುವಿನ ಎತ್ತರದ ಕಟ್ಟಡಗಳನ್ನು ಬಿಟ್ಟು ಒಂದೆರಡು ಸೇತುವೆ ದಾಟಿದರೆ ಊರು ತಟ್ಟನೆ ಗಿಡ್ಡವಾಗುತ್ತದೆ. ಕಾಲುವೆಗಳು, ಒಂದಕ್ಕೊಂದು ಒತ್ತಿಕೊಂಡ ಮನೆಗಳು, ಬಾಗಿಲ ಮುಂದೆ ಹೂಕುಂಡ, ಕುಂಡದ ಪಕ್ಕ ಸೈಕಲ್ಲು. ಹಿಂದೆ ಇಲ್ಲೆಲ್ಲ ಮರದ ವ್ಯಾಪಾರವಿತ್ತಂತೆ, ದಿಮ್ಮಿಗಳನ್ನು ಕಾಲುವೆಯಲ್ಲೇ ತೇಲಿಸಿ ಇಡುತ್ತಿದ್ದರಂತೆ. ನಮ್ಮ ಪೇಟೆಯ ಬಾಯಿ ಮುಚ್ಚಿಸಿ, ಕಸ ಗುಡಿಸಿ, ನಡುವೆ ನೀರು ಬಿಟ್ಟರೆ ಹೀಗೇ ಕಾಣಬಹುದು ಅನ್ನಿಸಿತು.

ಒಂದು ಕಾಲುವೆಯ ಸೇತುವೆ ಇಳಿದ ತಕ್ಷಣ ಬೂದು ಬಣ್ಣದ ಹಳೆಯ ಕಟ್ಟಡ ಸಿಕ್ಕಿತು. ಗೇಟಿನ ಪಕ್ಕ ಕಲ್ಲಿನ ಮೇಲೆ ಅಕ್ಷರ, ಒಂದು ಚೆರ್ರಿ ಮರ, ಗೋಡೆಯ ಮೇಲೆ ಗಡಿಯಾರ. ಅದು ಕೋಕೋ ಎಂದು ದಿಯಾ ಹಿಂದೊಮ್ಮೆ ಹೇಳಿದ್ದಳು. ಒಂಬತ್ತನೆಯ ತರಗತಿ ಮುಗಿಸಿದ ಮಕ್ಕಳು ಅಲ್ಲಿ ಮೂರು ವರ್ಷ ಓದುತ್ತಾರೆ. ಅಂದರೆ ನಮ್ಮ ಪಿಯು ಕಾಲೇಜೇ, ಎಸ್ಸೆಸ್ಸೆಲ್ಸಿಯನ್ನೂ ಹೊಟ್ಟೆಗೆ ಹಾಕಿಕೊಂಡದ್ದು. ಊರ ನಡುವಿನ ಹಳೆಯ ಕಾಲೇಜು, ಅಂಗಡಿಗಳ ಮಗ್ಗುಲು, ಬಣ್ಣ ಕಾಣದ ಗೋಡೆ. ನನಗೆ ತವರಿನ ಹೊಸ್ತಿಲು ಕಂಡಂತಾಯಿತು.

ನಮ್ಮೂರಲ್ಲಿ ನಿವೃತ್ತ ಪ್ರಿನ್ಸಿಪಾಲರು ಯಾವ ಕಾಲೇಜಿನೊಳಗಾದರೂ ಹೇಳದೆ ಕೇಳದೆ ಹೋಗಬಹುದು. ಪ್ರಿನ್ಸಿಪಾಲರ ಕೋಣೆಗೆ ಹೋಗಿ, ನಾನು ಇಂಥವಳು ಎಂದರೆ ಕುರ್ಚಿ ಬರುತ್ತದೆ, ಹಿಂದೆಯೇ ಕಾಫಿ ಬರುತ್ತದೆ, ಆಮೇಲೆ ಇಲಾಖೆಯನ್ನು ಒಟ್ಟಿಗೆ ಕೂತು ಬೈಯಬಹುದು. ಗೇಟು ಅರ್ಧ ತೆರೆದಿತ್ತು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಸಾಲು ಸಾಲು ಪುಟ್ಟ ಕಪಾಟುಗಳಿದ್ದ ಮೊಗಸಾಲೆಯನ್ನು ದಾಟಿ, ಹೊಳೆಯುವ ನೆಲದ ಮೇಲೆ ಚಪ್ಪಲಿ ಸದ್ದು ಮಾಡುತ್ತಾ ಪ್ರಿನ್ಸಿಪಾಲರ ಕೋಣೆ ಹುಡುಕಿದೆ.

ಹಿಂದಿನಿಂದ “ಸುಮಿಮಾಸೆನ್, ಸುಮಿಮಾಸೆನ್” ಎಂದು ಯಾರೋ ಓಡಿಬಂದರು. ಬಿಳಿ ಕೂದಲಿನ ತೆಳ್ಳನೆಯ ಹಿರಿಯರು, ಸಾಂಕ್ರಾಮಿಕದ ಕಾಲದಲ್ಲೂ ಟೈ ಕಟ್ಟಿದ್ದರು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳುತ್ತಿದ್ದವರು ಅವರು. ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಲೇ ನನ್ನ ಚಪ್ಪಲಿಯನ್ನು ಎಷ್ಟು ನೋವಿನಿಂದ ನೋಡಿದರೆಂದರೆ, ನಾನು ಅಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದೆ. ಅದು ಅವರಿಗೆ ಇನ್ನೂ ಸಂಕಟವಾಯಿತು. ಆ ಕಪಾಟುಗಳೆಲ್ಲ ಹೊರಗಿನ ಶೂ ಬಿಡಲು ಇದ್ದವು ಎಂದು ಆಮೇಲೆ ತಿಳಿಯಿತು. ಅವರು ಸ್ಲಿಪ್ಪರ್ ತಂದುಕೊಟ್ಟರು. ಅದನ್ನು ಮೆಟ್ಟಿಕೊಂಡು ಮರ್ಯಾದೆಯಿಂದ ಬಾಗಿಲವರೆಗೆ ನಡೆದು, ಮತ್ತೆ ಚಪ್ಪಲಿ ಹಾಕಿ ಹೊರಗೆ ಬಂದೆ. ಕಾಫಿ ಬರಲಿಲ್ಲ.

ಗೇಟಿನ ಹೊರಗೆ, ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಅಂತರ ಬಿಟ್ಟು, ಪರಿಚಯ ಹೇಳಿಕೊಂಡೆವು. ಅವರ ಹೆಸರು ಮೊರಿತಾ, ಗೌರವಕ್ಕೆ ಸಾನ್ ಸೇರಿಸಿ ಮೊರಿತಾ-ಸಾನ್. ಅದೇ ಶಾಲೆಯಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಕಲಿಸಿ, ನಿವೃತ್ತರಾದವರು. ಅವರ ಇಂಗ್ಲಿಷಿನಲ್ಲಿ ಒಂದು ವ್ಯಾಕರಣದ ತಪ್ಪೂ ಇರುತ್ತಿರಲಿಲ್ಲ, ಹಾಗಾಗಿ ಒಂದು ವಾಕ್ಯ ಹೊರಬರಲು ಬಹಳ ಹೊತ್ತು ಬೇಕಾಗುತ್ತಿತ್ತು. ಶಾಲೆ ಇನ್ನೊಂದರ ಜೊತೆ ವಿಲೀನವಾಗುತ್ತಿದೆ, ಹೊಸಬರನ್ನು ಸೇರಿಸಿಕೊಳ್ಳುವುದನ್ನು ಆಗಲೇ ನಿಲ್ಲಿಸಿದ್ದಾರೆ, ಈಗ ಇರುವುದು ಕೊನೆಯ ವರ್ಷದ ತರಗತಿ ಮಾತ್ರ ಎಂದರು. ಮುಂದಿನ ಮಾರ್ಚಿನಲ್ಲಿ ಆ ಮಕ್ಕಳು ಹೊರಟರೆ ಗೇಟು ಮುಚ್ಚುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘದ ಪರವಾಗಿ ತಾವು ಶಾಲೆಯ ಚರಿತ್ರೆ ಬರೆಯುತ್ತಿರುವುದಾಗಿ ಹೇಳಿದರು.

ನಾನೂ ಅದನ್ನೇ ಬರೆಯುತ್ತಿದ್ದೇನೆ ಎಂದೆ. ಪೂರ್ತಿ ಸುಳ್ಳಲ್ಲ, ಫೈಲಿನ ಮೇಲೆ ಹೆಸರು ಬರೆದಾಗಿತ್ತಲ್ಲ.

ಕಾಲುವೆಯ ಬೆಂಚು

ಅಂದಿನಿಂದ ಶಾಲೆಯ ಎದುರಿನ ಕಾಲುವೆಯ ದಂಡೆ ನಮ್ಮ ಸ್ಟಾಫ್ ರೂಮಾಯಿತು. ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ನಾನು ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದೆ, ಅವರು ಕೊಂಬಿನಿಯಿಂದ, ಅಂದರೆ ಹಗಲು ರಾತ್ರಿ ತೆರೆದಿರುವ ಆ ಮೂಲೆ ಅಂಗಡಿಯಿಂದ, ತಣ್ಣನೆಯ ಟೀ ಬಾಟಲಿ ತರುತ್ತಿದ್ದರು. ನನ್ನ ಕಾಫಿಯನ್ನು ಅವರು, ಅವರ ಟೀಯನ್ನು ನಾನು ಒಮ್ಮೆ ಮಾತ್ರ ಕುಡಿದೆವು. ಆಮೇಲೆ ಆ ವಿಷಯ ಇಬ್ಬರೂ ಎತ್ತಲಿಲ್ಲ.

ನಾನೂ ಶಿಕ್ಷಕಿ ಎಂದು ತಿಳಿದ ದಿನದಿಂದ ಅವರು ನನ್ನನ್ನು ವಿಶಾಲಾಕ್ಷಿ-ಸೆನ್ಸೇ ಎಂದು ಕರೆಯತೊಡಗಿದರು. ಸೆನ್ಸೇ ಎಂದರೆ ಗುರುಗಳು. ಬೆಂಗಳೂರಿನಲ್ಲಿ ನಿವೃತ್ತಿಯಾದ ಮರುದಿನದಿಂದ ನಾನು ಆಂಟಿಯಾಗಿದ್ದೆ, ಆಟೋದವರಿಗೆ ಅಜ್ಜಿಯೂ ಆಗಿದ್ದೆ. ಈ ಸೆನ್ಸೇ ಎಂಬ ಮಾತು ಕೇಳಲಿಕ್ಕೇ ನಾನು ಚಳಿಯಲ್ಲೂ ಸೇತುವೆ ದಾಟಿ ಹೋಗುತ್ತಿದ್ದೆನೇನೋ.

ಚರಿತ್ರೆ ಬರೆಯುವುದರಲ್ಲಿ ಮೊರಿತಾ-ಸಾನ್ ಅವರದು ಒಂದೇ ನಿಯಮ. ಯಾವ ಸಂಗತಿಗೂ ಇಬ್ಬರು ಸಾಕ್ಷಿ ಬೇಕು. ಒಬ್ಬರು ಹೇಳಿದ್ದು ನೆನಪು, ಇಬ್ಬರು ಹೇಳಿದರೆ ಚರಿತ್ರೆ ಎನ್ನುತ್ತಿದ್ದರು. ಗೇಟಿನ ಚೆರ್ರಿ ಮರವನ್ನು ನೆಟ್ಟವರು ಒಬ್ಬ ಹೆಡ್‌ಮಾಸ್ಟರೋ ಜವಾನನೋ ಎಂದು ಪತ್ತೆ ಮಾಡಲು ಊರೂರಿನ ಮುದುಕರಿಗೆ ಫೋನು ಮಾಡಿದ್ದರು. ಒಬ್ಬ ಸಾಕ್ಷಿ ಸಿಕ್ಕಿದ್ದ, ಎರಡನೆಯವನು ಸಿಗಲಿಲ್ಲ. ಆದ್ದರಿಂದ ಅವರ ಪುಸ್ತಕದಲ್ಲಿ ಆ ಮರ ತಾನಾಗಿಯೇ ಅಲ್ಲಿ ನಿಂತಿತ್ತು. ನಮ್ಮಲ್ಲಾದರೆ ಮಂತ್ರಿಗಳು ನೆಟ್ಟರು ಎಂದು ಬರೆದುಬಿಡುತ್ತೇವೆ, ಯಾವ ಮಂತ್ರಿಯೂ ಇಲ್ಲವೆನ್ನುವುದಿಲ್ಲ ಎಂದೆ. ಅವರು ನಗಲಿಲ್ಲ. ಆ ಮಂತ್ರಿಯ ಹೆಸರೇನು ಎಂದು ಕೇಳಿದರು.

ಆ ಶಾಲೆ ಶುರುವಾದದ್ದು ಮರದ ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆ ಸಂಜೆ ಲೆಕ್ಕ ಕಲಿಸಲೆಂದು. ದೊಡ್ಡ ಭೂಕಂಪದಲ್ಲಿ ಒಮ್ಮೆ ಸುಟ್ಟಿತು, ಯುದ್ಧದ ಬಾಂಬಿಗೆ ಇನ್ನೊಮ್ಮೆ ಸುಟ್ಟಿತು. ಎರಡು ಸಲವೂ ಎದ್ದು ನಿಂತಿತು. ಎರಡನೆಯ ಸಲ ಮಕ್ಕಳೇ ಕಾಲುವೆಯಿಂದ ಮರ ಎಳೆದು ತಂದಿದ್ದರು, ಶಾಲೆಯ ಹಾಡಿಗೆ ಮೂರನೆಯ ಚರಣ ಸೇರಿದ್ದು ಆಗಲೇ. ಮೊದಲೆರಡು ಚರಣಗಳಲ್ಲಿ ಬೆಟ್ಟ, ಮುಂಜಾವು, ಸದ್ಗುಣ ಎಲ್ಲ ಇವೆ, ಎಲ್ಲ ಕಾಲೇಜಿನ ಹಾಡಿನಲ್ಲೂ ಇರುವಂತೆ. ಮೂರನೆಯದರಲ್ಲಿ ಗರಗಸದ ಸದ್ದಿದೆ, ಕೆಸರಾದ ಕಾಲಿದೆ, ಹಸಿವಿದೆ. ನನಗೆ ಅದೇ ಹಿಡಿಸಿತು. ಕಲಿಸಿಕೊಡಿ ಎಂದು ದುಂಬಾಲು ಬಿದ್ದೆ. ಅವರು ಮೆಲ್ಲಗೆ ಹೇಳಿಕೊಟ್ಟದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ತೊಡೆ ತಟ್ಟಿ ಆದಿತಾಳ ಹಾಕಿ ಬಾಯಿಪಾಠ ಮಾಡಿದೆ. ಅವರ ಹಾಡಿಗೆ ಆದಿತಾಳ ಅಷ್ಟಾಗಿ ಒಗ್ಗುತ್ತಿರಲಿಲ್ಲ, ಆದರೆ ನಾನು ಬಿಡಲಿಲ್ಲ. ಮನೆಯಲ್ಲಿ ಹಾಡಿ ತೋರಿಸಿದಾಗ ದಿಯಾ ಕಿವಿ ಮುಚ್ಚಿಕೊಂಡು ಜಪಾನಿಯಲ್ಲಿ ಏನೋ ಅಂದಳು. ಮಾನಸ ಅದನ್ನು ನನಗೆ ಅನುವಾದಿಸಲು ಒಪ್ಪಲಿಲ್ಲ.

ಅವರ ಪುಸ್ತಕದ ಪ್ರತಿ ಅಧ್ಯಾಯವೂ ಒಂದೇ ರೀತಿ ಮುಗಿಯುತ್ತಿತ್ತು. ಆ ಕಾಲದ ಕೊನೆಯ ಬೀಳ್ಕೊಡುಗೆಯ ದಿನ, ಶಾಲೆಯ ಹಾಡನ್ನು ಹಾಡಲಾಯಿತು. ಬಾಂಬು ಬಿದ್ದ ವರ್ಷ ಕಟ್ಟಡವೇ ಇರಲಿಲ್ಲ, ಬದುಕಿ ಉಳಿದವರು ಬೂದಿಯ ಮೇಲೆ ನಿಂತು ಹಾಡಿದ್ದರು. ಅದಕ್ಕೂ ಇಬ್ಬರು ಸಾಕ್ಷಿ ಸಿಕ್ಕಿದ್ದರು. ಅದನ್ನು ಹೇಳುವಾಗ ಮಾತ್ರ ಮೊರಿತಾ-ಸಾನ್ ಕಾಲುವೆಯ ಕಡೆ ನೋಡುತ್ತಾ ಹೇಳಿದರು.

ಶರತ್ಕಾಲದಲ್ಲಿ ಒಂದು ಬೆಳಗ್ಗೆ ಅವರು ಟೀ ಬಾಟಲಿ ತರುವುದನ್ನೇ ಮರೆತು ಬಂದಿದ್ದರು. ಶಾಲೆಯಿಂದ ತಿಳಿಸಿದ್ದರಂತೆ. ಮಾರ್ಚಿನ ಸಮಾರಂಭಕ್ಕೆ ಮಕ್ಕಳು, ತಂದೆತಾಯಿ ಮಾತ್ರ ಬರಬೇಕು, ಹಳೆಯ ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ. ಹಾಡಿದರೆ ವೈರಸ್ ಹರಡುತ್ತದೆ, ಆದ್ದರಿಂದ ಯಾರೂ ಹಾಡುವ ಹಾಗಿಲ್ಲ. ಪಿಯಾನೋ ಮಾತ್ರ ನುಡಿಸುತ್ತಾರೆ, ಎಲ್ಲರೂ ಮನಸ್ಸಿನಲ್ಲೇ ಹಾಡಿಕೊಳ್ಳಬೇಕು. ಅದು ಸರಿಯಾದ ನಿರ್ಧಾರ ಎಂದು ಮೊರಿತಾ-ಸಾನ್ ಹೇಳಿದರು. ಆಮೇಲೆ ಇನ್ನೊಮ್ಮೆ ಹೇಳಿದರು. ಅವರು ಬರೆಯಬೇಕಾದದ್ದು ಕೊನೆಯ ಅಧ್ಯಾಯದ ಕೊನೆಯ ವಾಕ್ಯ. ಬೆಂಕಿಯಲ್ಲೂ ನಿಲ್ಲದ ಹಾಡನ್ನು ಕೊನೆಯ ದಿನ ಹಾಡಲಿಲ್ಲ ಎಂದು ಬರೆಯಲು ತಮ್ಮ ಕೈ ಏಳುವುದಿಲ್ಲ ಎಂದರು.

ನನಗೆ ಅವರ ಮುಖ ನೋಡಲಾಗಲಿಲ್ಲ. ನಮ್ಮ ಆಡಳಿತ ಮಂಡಳಿಯ ಸಹವಾಸದಲ್ಲಿ ಬೆಳೆದವಳು ನಾನು, ಪರಿಹಾರ ನಾಲಿಗೆ ತುದಿಯಲ್ಲೇ ಇತ್ತು. ಹಾಡಿದರು ಎಂದು ಬರೆದುಬಿಡಿ, ಮನಸ್ಸಿನಲ್ಲಂತೂ ಹಾಡಿರುತ್ತಾರಲ್ಲ, ಯಾರು ಬಂದು ನೋಡುತ್ತಾರೆ ಎಂದೆ.

ಮೊರಿತಾ-ಸಾನ್ ಬಹಳ ಹೊತ್ತು ವಾಕ್ಯ ಕಟ್ಟಿದರು. ನಂತರ ಒಂದೊಂದೇ ಪದ ಇಟ್ಟರು.

“ಇದೊಂದು ಸುಳ್ಳು ಬರೆದರೆ, ಸೆನ್ಸೇ, ಬೂದಿಯ ಮೇಲೆ ನಿಂತು ಹಾಡಿದವರನ್ನೂ ಮುಂದೆ ಯಾರೂ ನಂಬುವುದಿಲ್ಲ.”

ಆ ದಿನ ಮನೆಗೆ ಬಂದು ನನ್ನ ಫೈಲು ತೆರೆದೆ, ಒಂದಷ್ಟು ಹೊತ್ತು ನೋಡಿ ಮತ್ತೆ ಮುಚ್ಚಿದೆ.

ಉರಯಾಸು

ನವೆಂಬರಿನಲ್ಲಿ ಕನ್ನಡಿಗರು ರಾಜ್ಯೋತ್ಸವ ಬಿಡುತ್ತಾರೆಯೇ? ಪ್ರತಿ ವರ್ಷ ಸಭಾಂಗಣ ಹಿಡಿದು, ಬಿಸಿಬೇಳೆಬಾತ್ ಮಾಡಿ, ಮಕ್ಕಳಿಗೆ ಪೇಟ ಕಟ್ಟಿಸುತ್ತಿದ್ದವರು ಆ ವರ್ಷ ಜೂಮ್‌ನಲ್ಲಿ ಸೇರಿದರು. ಟೋಕಿಯೋ ಪಕ್ಕದ ಉರಯಾಸುವಿನಲ್ಲಿದ್ದ ಮಾನಸಳ ಗೆಳತಿ ರಶ್ಮಿಯ ಮನೆಯಿಂದ ಕಾರ್ಯಕ್ರಮದ ನಿರ್ವಹಣೆ. ನಾವು ನಾಲ್ವರು ಅಲ್ಲಿಗೇ ಹೋಗಿ, ಅವಳ ಲ್ಯಾಪ್‌ಟಾಪಿನ ಮುಂದೆ ಕೂತೆವು. ಸಗಮಿಹಾರಾದಲ್ಲಿ ಉಪಗ್ರಹಗಳ ಕೆಲಸ ಮಾಡುವ ಒಬ್ಬ ಎಂಜಿನಿಯರು ಮೈಸೂರು ಪೇಟ ತೊಟ್ಟು ಪರದೆಯಲ್ಲಿ ತಲೆಕೆಳಗಾಗಿ ಕಾಣಿಸಿದ. ಅದನ್ನು ಸರಿಮಾಡಲು ಏಳು ವರ್ಷದ ಅವನ ಮಗಳು ಬರಬೇಕಾಯಿತು.

ನಾಡಗೀತೆ ಶುರುವಾಯಿತು. ಒಬ್ಬರ ಇಂಟರ್ನೆಟ್ ಮುಂದೆ, ಒಬ್ಬರದು ಹಿಂದೆ, ಹೀಗಾಗಿ ಎಲ್ಲರೂ ಬೇರೆ ಬೇರೆ ಸಾಲಿನಲ್ಲಿದ್ದರು. ರಶ್ಮಿ ಎಲ್ಲರನ್ನೂ ಮ್ಯೂಟ್ ಮಾಡಿದಳು. ಹಾಡು ಧ್ವನಿಮುದ್ರಿಕೆಯಿಂದ ಬರುತ್ತಿದೆ, ಪರದೆಯ ಮೇಲೆ ಸಾಲು ಸಾಲು ಮುಖಗಳು, ಕೆಲವರ ತುಟಿಯೇ ಅಲುಗುತ್ತಿಲ್ಲ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಇದು ನನ್ನ ಹಳೆಯ ಜಾಡ್ಯ. ಕಾಲೇಜಿನಲ್ಲಿ ಬೆಳಗಿನ ಪ್ರಾರ್ಥನೆಗೆ ಹುಡುಗರು ಬಾಯಿ ಬಿಡುತ್ತಿರಲಿಲ್ಲ. ಕೆಲವರು ಜಗಿಯುತ್ತಿದ್ದರು, ಕೆಲವರು ನಿಂತೇ ನಿದ್ದೆ. ಬೈದು ನೋಡಿದೆ, ಆಗಲಿಲ್ಲ. ಕೊನೆಗೆ ನಾನೇ ಮೈಕಿನ ಮುಂದೆ ನಿಂತು ಎತ್ತರದ ದನಿಯಲ್ಲಿ ಹಾಡತೊಡಗಿದೆ. ಕೆಳಗಿನ ಪಾತ್ರೆ ಅಂಗಡಿಯವರು ಕುಟ್ಟುವುದನ್ನು ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಪ್ರಿನ್ಸಿಪಾಲರ ಹಾಡು ಕೇಳುವುದಕ್ಕಿಂತ ತಾವೇ ಹಾಡುವುದು ಮೇಲೆಂದು ಹುಡುಗರು ಮೆಲ್ಲಗೆ ಶುರುಮಾಡುತ್ತಿದ್ದರು. ವರ್ಷಗಟ್ಟಲೆ ಈ ಉಪಾಯ ಒಂದು ದಿನವೂ ಸೋಲಲಿಲ್ಲ.

ಉರಯಾಸುವಿನಲ್ಲೂ ನನಗೆ ಅರಿವಿಲ್ಲದೆ ಅದೇ ಆಯಿತು. ನಮ್ಮ ಮೈಕು ಮಾತ್ರ ತೆರೆದಿತ್ತು. ಜಪಾನಿನ ಕನ್ನಡಿಗರೆಲ್ಲ ಬೆಚ್ಚಿ ಕ್ಯಾಮೆರಾ ಕಡೆ ನೋಡಿದರು, ಆಮೇಲೆ ಒಬ್ಬೊಬ್ಬರದೇ ತುಟಿ ಅಲುಗತೊಡಗಿತು. “ಅತ್ತೆ, ವಾಲ್ಯೂಮ್ ಸ್ವಲ್ಪ,” ಎಂದು ಕಿರಣ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ದಿಯಾ ಸೋಫಾದ ದಿಂಬಿನ ಹಿಂದೆ ಮುಖ ಮುಚ್ಚಿಕೊಂಡಳು.

ಸೇತುವೆ

ಮಾರ್ಚಿನ ಆ ದಿನ ಶನಿವಾರ. ಚೆರ್ರಿ ಇನ್ನೂ ಮೊಗ್ಗಾಗಿತ್ತು, ಗಾಳಿ ಮಾತ್ರ ಮೂಳೆಗೆ ತಾಗುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಒಳಗೆ ಹೋಗುವಂತಿಲ್ಲ, ಆದರೆ ಸೇತುವೆಯ ಮೇಲೆ ನಿಲ್ಲಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಮೊರಿತಾ-ಸಾನ್ ಒಬ್ಬೊಬ್ಬರಿಗೂ ಫೋನು ಮಾಡಿ, ಗುಂಪುಗೂಡಬಾರದು, ಮಾತಾಡಬಾರದು, ಹಾಡಬಾರದು ಎಂದು ಹೇಳಿ ಕರೆದಿದ್ದರು. ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗಬಾರದು, ಈ ದಿನಗಳಲ್ಲಿ ಹಾಡುವವರನ್ನು ಕಂಡರೆ ಜನ ಹೆದರುತ್ತಾರೆ ಎಂದರು. ನನ್ನನ್ನು ಬೇರೆಯಾಗಿ ಬೆಂಚಿಗೆ ಕರೆದು, ಬಹಳ ಬಗ್ಗಿ, “ಸೆನ್ಸೇ, ದಯವಿಟ್ಟು ನೀವೂ ಕೂಡ,” ಎಂದರು. ನಾನೇನು ಮಗುವೇ ಎಂದು ಒಳಗೊಳಗೇ ಸಿಟ್ಟು ಬಂತು. ಆದರೂ ಮಾತು ಕೊಟ್ಟೆ.

ದಿಯಾಳ ಕೈ ಹಿಡಿದು ಹೋದೆ. ಸೀರೆಯ ಮೇಲೆ ಮಾನಸಳ ಉದ್ದನೆಯ ಕೋಟು. ಸೇತುವೆಯ ಕಟಕಟೆಗೆ ಒರಗದೆ, ತೋಳಳತೆಗಿಂತ ಹೆಚ್ಚು ದೂರ ಬಿಟ್ಟು, ಮುದುಕರು ಮುದುಕಿಯರು ಸಾಲಾಗಿ ನಿಂತಿದ್ದರು. ಎಲ್ಲರಿಗೂ ಒಳ್ಳೆಯ ಬಟ್ಟೆ, ಎಲ್ಲರಿಗೂ ಬಿಳಿ ಮಾಸ್ಕು. ನಮ್ಮ ಕಡೆ ಇಷ್ಟು ಜನ ಸೇರಿದ್ದರೆ ಯಾರ ಮಗ ಎಲ್ಲಿದ್ದಾನೆ, ಯಾರ ಮಂಡಿ ಹೇಗಿದೆ ಎಂದು ಒಂದು ಜಾತ್ರೆಯ ಗದ್ದಲವಾಗುತ್ತಿತ್ತು. ಇವರು ಕಣ್ಣಲ್ಲೇ ಗುರುತು ಹಿಡಿದು ತಲೆ ಬಗ್ಗಿಸಿ ಸುಮ್ಮನಾದರು.

ಗಾಳಿಯಾಡಲೆಂದು ಆ ಕಾಲದಲ್ಲಿ ಎಲ್ಲ ಶಾಲೆಗಳ ಕಿಟಕಿ ಬಾಗಿಲುಗಳನ್ನೂ ತೆರೆದಿಡುತ್ತಿದ್ದರು. ಒಳಗೆ ಮಕ್ಕಳು ನಡುಗುತ್ತಿದ್ದಿರಬೇಕು, ಹೊರಗಿದ್ದ ನಮಗೆ ಎಲ್ಲವೂ ಕೇಳುತ್ತಿತ್ತು. ಹೆಸರು ಕರೆಯುವುದು, ಒಬ್ಬೊಬ್ಬರು ‘ಹಾಯ್’ ಎಂದು, ನಮ್ಮ ಹಾಜರ್ ಇದ್ದಂತೆ, ಓಗೊಡುವುದು, ಚಪ್ಪಾಳೆ. ಆಮೇಲೆ ಕುರ್ಚಿಗಳ ಸದ್ದು, ಎಲ್ಲರೂ ಎದ್ದು ನಿಂತರು. ಪಿಯಾನೋ ಶುರುವಾಯಿತು.

ಮೊದಲನೆಯ ಚರಣ ಹೋಯಿತು. ಯಾರೂ ಅಲುಗಲಿಲ್ಲ. ಎರಡನೆಯದೂ ಹೋಯಿತು. ಮೊರಿತಾ-ಸಾನ್ ಟೋಪಿಯನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದರು. ಒಂದು ಶಾಲೆ ಸಾಯುವುದನ್ನು ಅದರ ಮಕ್ಕಳು ಬೀದಿಯಲ್ಲಿ ನಿಂತು, ಉಸಿರು ಬಿಗಿಹಿಡಿದು ಕೇಳುತ್ತಿದ್ದಾರಲ್ಲ ಎಂದು ಅಳು ಬಂತು. ತಲೆ ಎತ್ತಿ ನೋಡಿದರೆ ಎದುರಿಗೆ ಸಾಲಾಗಿ ನಿಂತ ಜನ, ಹಾಡು ನಡೆಯುತ್ತಿದೆ, ಒಂದು ತುಟಿಯೂ ಅಲುಗುತ್ತಿಲ್ಲ.

ನನ್ನ ಬಾಯಿ ತೆರೆದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ದಿಯಾ ಕೋಟು ಜಗ್ಗಿದಾಗ.

“ಅಜ್ಜಿ, ದಮೆ. ಹಾಡಬಾರ್ದು. ಪ್ರಾಮಿಸ್ ಮಾಡಿದ್ಯಲ್ಲ.”

ದಮೆ ಎಂದರೆ ಕೂಡದು. ಆ ಹೊತ್ತಿಗೆ ಮೂರನೆಯ ಚರಣದ ಮೊದಲ ಸಾಲು ಮುಗಿದಿತ್ತು. ಗರಗಸದ ಸದ್ದು ಕಾಲುವೆಯ ಎರಡೂ ದಂಡೆಗೆ ಕೇಳಿಸಿಯಾಗಿತ್ತು. ಪಾತ್ರೆ ಅಂಗಡಿಯ ಮೇಲೆ ಪಳಗಿದ ಗಂಟಲಿಗೆ ಮಾಸ್ಕು ಯಾವ ಲೆಕ್ಕ? ಸೇತುವೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕೊಟ್ಟ ಮಾತು ಮುರಿದದ್ದಂತೂ ಆಯಿತು, ಇನ್ನು ಹಾಡನ್ನೂ ಅರ್ಧಕ್ಕೆ ಮುರಿಯುವುದೇ? ಕಣ್ಣು ಮುಚ್ಚಿ ಮುಂದುವರಿಸಿದೆ.

ಎರಡನೆಯ ಸಾಲಿನಲ್ಲಿ ಸೇತುವೆಯ ಆ ತುದಿಯಿಂದ ಒಂದು ಒರಟು ಹೆಣ್ಣುದನಿ ಬಂದು ಸೇರಿತು. ಅವರು ಹಿಂದಿನ ಬೀದಿಯಲ್ಲಿ ಮೀನಂಗಡಿ ನಡೆಸುತ್ತಿದ್ದವರಂತೆ. ಆಮೇಲೆ ಒಂದು ಗಂಡುದನಿ, ಆಮೇಲೆ ಎಷ್ಟೋ. ನಾನು ತಪ್ಪಿದ ತಾಳವನ್ನು ಅವರು ಸರಿಮಾಡಿಕೊಂಡರು, ನಾನು ಅವರ ಹಿಂದೆ ಬಿದ್ದೆ. ಕೊನೆಯ ಸಾಲಿಗೆ ಕಣ್ಣು ಬಿಟ್ಟಾಗ ಮೊರಿತಾ-ಸಾನ್ ಅವರ ಮಾಸ್ಕು ಒಳಗೂ ಹೊರಗೂ ಅಲುಗುತ್ತಿತ್ತು. ಅವರ ಕಣ್ಣಿಂದ ಇಳಿದ ನೀರು ಅದರ ಅಂಚಿನಲ್ಲಿ ನಿಂತಿತ್ತು.

ಒಳಗೆ ಯಾರೂ ಹಾಡಲಿಲ್ಲ. ಹೇಳಿದಂತೆ ಕೇಳುವ ಮಕ್ಕಳು. ಆದರೆ ಚರಣ ಮುಗಿದ ಮೇಲೆ ಪಿಯಾನೋ ನಿಲ್ಲಲಿಲ್ಲ. ಒಂದು ಕ್ಷಣ ತಡೆದು, ನುಡಿಸುತ್ತಿದ್ದವರು ಯಾರೋ ಏನೋ, ಮೂರನೆಯ ಚರಣವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಈ ಸಲ ನಾವು ಸರಿಯಾಗಿ ಹಾಡಿದೆವು.

ಮುಗಿದ ಕೂಡಲೇ ಮೊರಿತಾ-ಸಾನ್ ಸೇತುವೆಯ ನಾಲ್ಕೂ ಕಡೆಯ ಮನೆಗಳಿಗೆ ಸೊಂಟ ಮುರಿಯುವಷ್ಟು ಬಗ್ಗಿ ಕ್ಷಮೆ ಕೇಳಿದರು. ನಾನೂ ಅವರ ಹಿಂದೆ ನಾಲ್ಕೂ ಕಡೆ ಬಗ್ಗಿದೆ. ಒಂದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿ ಕೈಯಲ್ಲಿದ್ದ ಟವೆಲನ್ನು ಬುಟ್ಟಿಗೆ ಹಾಕಿ ಚಪ್ಪಾಳೆ ತಟ್ಟಿದರು.

ಮೊರಿತಾ-ಸಾನ್ ಅವರ ಬಳಿ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, ಈಗ ಸಮಯವಿಲ್ಲ, ಸಾಕ್ಷಿ ಬೇಕು ಎಂದರು. ತಾವೂ ಹಾಡಿದ್ದರಿಂದ ತಮ್ಮ ಮಾತು ಸಾಕ್ಷಿಯಾಗುವುದಿಲ್ಲ. ಸೇತುವೆಯ ಮೇಲೆ ಹಾಡಿದ ಯಾರದೂ ಆಗುವುದಿಲ್ಲ. ಹಾಡದೆ ಕೇಳಿದವರು ಇಬ್ಬರು ಬೇಕು. ಟೈ ಸರಿಮಾಡಿಕೊಂಡು ಬಾಲ್ಕನಿಯ ಅಜ್ಜಿಯ ಮನೆಯ ಕಡೆ ಹೊರಟರು. ಹೋಗುವಾಗ ಒಂದು ನಿಮಿಷ ನಿಂತು, ದಿಯಾಳ ಎದುರು ಕೂತು, ಅವಳೊಡನೆ ಜಪಾನಿಯಲ್ಲಿ ಗಂಭೀರವಾಗಿ ಏನೋ ಮಾತಾಡಿದರು. ದಿಯಾ ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟಳು. ಏನು ಕೇಳಿದರು ಎಂದರೆ, “ಸೀಕ್ರೆಟ್” ಎಂದಳು.

ಪೇಟೆ

ವಿಮಾನಗಳು ಶುರುವಾದ ಮೇಲೆ ನಾನು ಬೆಂಗಳೂರಿಗೆ ಬಂದೆ. ಮೊರಿತಾ-ಸಾನ್ ಅವರ ಶಾಲೆಯ ಸುತ್ತ ನಾನು ಹೊರಡುವಷ್ಟರಲ್ಲೇ ತಗಡಿನ ಬೇಲಿ ಎದ್ದಿತ್ತು. ಚೆರ್ರಿ ಮರವನ್ನು ಮಾತ್ರ ಉಳಿಸುತ್ತಾರಂತೆ. ಅದನ್ನು ನೆಟ್ಟವರು ಯಾರೆಂದು ಇನ್ನೂ ಗೊತ್ತಾಗಿಲ್ಲ.

ಆಡಳಿತ ಮಂಡಳಿಯ ಕಾರ್ಯದರ್ಶಿ ಮನೆಗೆ ಬಂದು ಚರಿತ್ರೆ ಎಲ್ಲಿಗೆ ಬಂತೆಂದು ವಿಚಾರಿಸಿದ. ಬರೆಯುತ್ತಿದ್ದೇನೆ, ನಿಮ್ಮ ತಾತನವರೇ ಸ್ಥಾಪಕರು ಅನ್ನುವುದಕ್ಕೆ ನಿಮ್ಮ ಮನೆಯವರಲ್ಲದ ಇಬ್ಬರು ಸಾಕ್ಷಿಗಳನ್ನು ಕರೆತನ್ನಿ ಎಂದೆ. “ಮೇಡಂ, ಜಪಾನ್‌ಗೆ ಹೋಗಿ ಏನೋ ಆಗಿದೆ ನಿಮ್ಗೆ,” ಎಂದು ಕಾಫಿ ಅರ್ಧ ಬಿಟ್ಟು ಎದ್ದುಹೋದ. ನನ್ನ ಫೈಲಿನಲ್ಲಿ ಈಗ ಕೆಲವು ಹಾಳೆ ತುಂಬಿವೆ. ಸ್ಥಾಪಕರು ಯಾರೆಂದು ಖಚಿತವಿಲ್ಲ ಎಂಬ ವಾಕ್ಯದಿಂದ ಶುರುವಾಗುತ್ತದೆ. ಅದು ಅಚ್ಚಾಗುವ ಭರವಸೆ ನನಗಿಲ್ಲ, ಬರೆಯಲು ಮಾತ್ರ ಇಷ್ಟು ಖುಷಿ ಎಂದೂ ಆಗಿರಲಿಲ್ಲ.

ಮರುವರ್ಷ ಮೊರಿತಾ-ಸಾನ್ ಅವರ ಪುಸ್ತಕ ಅಂಚೆಯಲ್ಲಿ ಬಂತು. ಓದಲು ಬರದಿದ್ದರೂ ಪುಟ ಪುಟ ತಿರುವಿದೆ. ಭಾನುವಾರ ಬೆಳಗ್ಗೆ ವಿಡಿಯೋ ಕರೆ ಮಾಡಿ, ಕೊನೆಯ ಪುಟವನ್ನು ಫೋನಿನ ಮುಂದೆ ಹಿಡಿದೆ. ದಿಯಾ ಎತ್ತರವಾಗಿದ್ದಳು, ಮುಂದಿನ ಹಲ್ಲು ಬಂದಿತ್ತು. ಕೆಲವು ಅಕ್ಷರಕ್ಕೆ ಅವಳ ಅಮ್ಮನ ಸಹಾಯ ಬೇಕಾಯಿತು. ಬೆರಳಿಟ್ಟು ಓದುತ್ತಾ, ಕನ್ನಡ ಹುಡುಕಿ ಹುಡುಕಿ ಹೇಳಿದಳು. ಕೊನೆಯ ದಿನ ಶಾಲೆಯ ಹಾಡನ್ನು ಹಾಡಲಾಯಿತು. ಒಳಗಿದ್ದವರು ಹಾಡಲಿಲ್ಲ, ಸೇತುವೆಯ ಮೇಲಿದ್ದವರು ಹಾಡಿದರು. ಮೊದಲ ಎರಡು ಚರಣ ಹಾಡಲಿಲ್ಲ, ಮೂರನೆಯದನ್ನು ಎರಡು ಸಲ ಹಾಡಿದರು. ಶುರು ಮಾಡಿದವರು ಭಾರತದ ಒಬ್ಬ ಶಿಕ್ಷಕಿ.

ಬರೆಯಲೊಲ್ಲೆ ಎಂದು ಟೀ ಮರೆತು ಕೂತಿದ್ದವರು ಕೊನೆಗೆ ಬರೆದಿದ್ದರು, ಒಂದಕ್ಷರ ಸುಳ್ಳಿಲ್ಲದೆ. ನನಗೆ ಕಣ್ಣು ತುಂಬಿ ಬಂತು. ಮಾನಸಳೂ ಆ ಕಡೆ ಮೂಗು ಒರೆಸಿಕೊಂಡಳು.

“ವೇಟ್, ಅಜ್ಜಿ, ಇನ್ನೂ ಒಂದು ಸೆಂಟೆನ್ಸ್ ಇದೆ,” ಎಂದಳು ದಿಯಾ. “ಶ್ರುತಿ ಸ್ವಲ್ಪ ತಪ್ಪಿತ್ತು.”

ನನಗೆ ಅಳುವಿನ ನಡುವೆಯೇ ಸಿಟ್ಟು ಬಂತು. ಮೊರಿತಾ-ಸಾನ್ ಅವರ ನಿಯಮ ನನಗೆ ಗೊತ್ತಿಲ್ಲವೇ? ಈ ಮಾತಿಗೂ ಹಾಡದೆ ಕೇಳಿದ ಇಬ್ಬರು ಸಾಕ್ಷಿ ಇರಲೇಬೇಕು. ಒಬ್ಬರು ಬಾಲ್ಕನಿಯ ಅಜ್ಜಿ ಎಂದಿಟ್ಟುಕೊಳ್ಳೋಣ, ಇನ್ನೊಬ್ಬರು ಯಾರು ಎಂದು ಕೇಳಿದೆ.

ಪರದೆಯ ಆಚೆ ನನ್ನ ಮೊಮ್ಮಗಳು ಮೆಲ್ಲಗೆ ಕೈ ಎತ್ತಿದಳು.